ಹೆಂಗಸರ ಎದೆಭಾರಕ್ಕೆ ಗ್ಯಾಸ್ ಸೂಜಿ ಹಾಕುವ ಮೊದಲು

ಕಾಫಿ ಕೊಯ್ಲಿನ ತಿಂಗಳಲ್ಲಿ ಲೈನ್‌ಮನೆಯ ಐವತ್ತು ದಾಟಿದ ಹೆಂಗಸು ಬಂದು "ರಟ್ಟೆ ಸೆಳೀತದೆ, ವಾಂತಿ ಬರೋ ಹಾಗಾಗ್ತದೆ" ಎಂದರೆ, ಚೀಲ ಹೊತ್ತ ನೋವು, ಇಲ್ಲವೇ ಗ್ಯಾಸ್ಟ್ರಿಕ್ ಎಂದು ಕ್ಯಾಶುವಾಲ್ಟಿಯಲ್ಲಿ ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಗಂಡಸು ಎದೆ ಹಿಡಿದುಕೊಂಡು ಬಂದರೆ ಇಸಿಜಿ ಮೆಷಿನ್ ಕೇಳದೆಯೇ ಬರುತ್ತದೆ.

ಹೆಂಗಸರಲ್ಲೂ ಹಾರ್ಟ್ ಅಟ್ಯಾಕ್‌ನ ಮುಖ್ಯ ಲಕ್ಷಣ ಎದೆಯದ್ದೇ. ಜೊತೆಗೆ ದವಡೆ, ಬೆನ್ನಿನ ನೋವು, ಉಬ್ಬಸ, ವಾಕರಿಕೆ ಹೆಚ್ಚು. "ನೋವಿದೆಯಾ?" ಎಂದರೆ ಇಲ್ಲ ಎನ್ನುವವರೂ "ಭಾರ, ಬಿಗಿತ, ಉರಿ ಉಂಟಾ ಅಕ್ಕಾ?" ಎಂದು ಕೇಳಿದರೆ ತಲೆಯಾಡಿಸುತ್ತಾರೆ. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಮುಟ್ಟು ನಿಂತಿದೆಯೇ, ಬಸುರಿನಲ್ಲಿ ಬಿಪಿ ಅಥವಾ ಶುಗರ್ ಏರಿತ್ತೇ ಎಂದೂ ಕೇಳಿ. ಏರಿದ್ದವರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು.

ಇಸಿಜಿ ಕೆಡುವುದು ಹೆಚ್ಚಾಗಿ ಸಂಕೋಚದಿಂದ. ರವಿಕೆಯ ಸಂದಿನಲ್ಲಿ ಸಿಕ್ಕ ಜಾಗಕ್ಕೆ ಲೀಡ್ (ಇಸಿಜಿಯ ಅಂಟುಬಿಲ್ಲೆ) ಅಂಟಿಸುತ್ತಾರೆ. ಪರದೆ ಎಳೆದು, ಬಟ್ಟೆ ಸಡಿಲಿಸಿ, ಪಕ್ಕೆಲುಬು ಎಣಿಸಿ. ವಿ1, ವಿ2 ಲೀಡ್‌ಗಳು ನಾಲ್ಕನೇ ಸಂದಿನಲ್ಲಿ ಎದೆಮೂಳೆಯ ಎರಡು ಬದಿಗೆ. ಮೇಲಕ್ಕೆ ಹೋದರೆ ಇಸಿಜಿಯಲ್ಲಿ ಮೇಲೇಳುವ ಆರ್ ಅಲೆ ಕುಗ್ಗಿ ಹಳೆಯ ಅಟ್ಯಾಕ್‌ನ ಹಾಗೆ ಕಾಣುತ್ತದೆ. ವಿ4 ಐದನೇ ಸಂದಿನಲ್ಲಿ, ಸ್ತನವನ್ನು ಕೈಯ ಹಿಂಬದಿಯಿಂದ ಎತ್ತಿ ಅದರ ಕೆಳಗೆ. ಮಳೆಗಾಲದಲ್ಲಿ ಮೈ ಒರೆಸಿ, ಕಂಬಳಿ ಹೊದಿಸಿ. ನಡುಕವಿದ್ದರೆ ಗೆರೆ ಓದಲಾಗದು. ವಿ2, ವಿ3ರಲ್ಲಿ ಎಸ್‌ಟಿ (ಗೆರೆಯಲ್ಲಿ ಚೂಪು ಅಲೆಯ ನಂತರದ ಭಾಗ) ಏರಿಕೆಗೆ ಹೆಂಗಸರಿಗೆ 1.5 ಮಿ.ಮೀ. ಸಾಕು, 40 ದಾಟಿದ ಗಂಡಸರಿಗೆ 2 ಬೇಕು. ಮೊದಲ ಇಸಿಜಿ ಚೆನ್ನಾಗಿದ್ದೂ ಸಂಕಟ ಇಳಿಯದಿದ್ದರೆ 15-30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ, ಬೆನ್ನಿನ ವಿ7-ವಿ9 ಸೇರಿಸಿ. ಪ್ಯಾಂಟಾಪ್ (ಗ್ಯಾಸ್ ಸೂಜಿ) ಹಾಕಿದ ಮೇಲೆ ಹಾಯೆನಿಸಿತು ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮ ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಎಸ್‌ಟಿ ಏರಿದವರಿಗೆ 120 ನಿಮಿಷದೊಳಗೆ ಆಂಜಿಯೊಪ್ಲಾಸ್ಟಿ (ಕಟ್ಟಿದ ರಕ್ತನಾಳ ಬಿಡಿಸುವ ಚಿಕಿತ್ಸೆ) ಸಿಗುವಂತಿಲ್ಲದಿದ್ದರೆ, ರಕ್ತಸ್ರಾವದ ಅಡ್ಡಿಗಳನ್ನು ನೋಡಿಕೊಂಡು ಇಲ್ಲೇ ಟೆನೆಕ್ಟೆಪ್ಲೇಸ್ (ಹೆಪ್ಪು ಕರಗಿಸುವ ಸೂಜಿಮದ್ದು). ಇಲ್ಲಿ ತೂಕವನ್ನು ಅಂದಾಜಿಗೆ ಬರೆಯುವ ಚಾಳಿ ದುಬಾರಿ. 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ., 60ರಿಂದ 70ರೊಳಗೆ 35. 75 ವರ್ಷ ದಾಟಿದ ಅಜ್ಜಿಗೆ ಅರ್ಧ. ತೆಳ್ಳನೆಯ ಹೆಂಗಸಿಗೆ ಹೆಚ್ಚಾದರೆ ಮಿದುಳಿನಲ್ಲಿ ರಕ್ತ ಸೋರುವ ಭಯ. ಬಿಪಿ 180/110 ಮೀರಿದ್ದರೆ ಮೊದಲು ಅದನ್ನು ಇಳಿಸಿ.

ಸೂಜಿ ಆದ ತಕ್ಷಣ ಆಂಬುಲೆನ್ಸ್ ಹೊರಡಲಿ. 60-90 ನಿಮಿಷಕ್ಕೆ ದಾರಿಯಲ್ಲೇ ಇಸಿಜಿ ತೆಗೆದು, ಎಸ್‌ಟಿ ಅರ್ಧದಷ್ಟೂ ಇಳಿದಿಲ್ಲವಾದರೆ ಮೈಸೂರಿಗೆ ಫೋನ್ ಮಾಡಿ ಕ್ಯಾತ್‌ಲ್ಯಾಬ್ (ಆಂಜಿಯೊಪ್ಲಾಸ್ಟಿ ಮಾಡುವ ಕೋಣೆ) ಸಜ್ಜಾಗಿಡಲು ಹೇಳಿ. ಗಾಡಿ ಆಗ ಹುಣಸೂರಿನ ಆಸುಪಾಸಿನಲ್ಲಿರುತ್ತದೆ.