ಉಬ್ಬಸವಲ್ಲದ ಉಬ್ಬಸ

ರಾತ್ರಿ ಎರಡು ಗಂಟೆಯ ಸುಮಾರಿಗೆ ಅರವತ್ತು ದಾಟಿದ ರೈತರೊಬ್ಬರನ್ನು ಮಕ್ಕಳು ನಮ್ಮ ಕ್ಯಾಶುವಾಲ್ಟಿಗೆ ಹೊತ್ತು ತಂದರು. ಮಲಗಲಾರದೆ, ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿ ಕುಳಿತಿದ್ದ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಶೇ. 82, ಬಿ.ಪಿ. 210/120. "ಅಪ್ಪಂಗೆ ಉಬ್ಬಸ ಹಳೇದು ಮೇಡಂ, ಎಷ್ಟು ಹೇಳಿದ್ರೂ ಬೀಡಿ ಬಿಡಲ್ಲ" ಎಂದ ಹಿರಿಯ ಮಗ. ಸ್ಟೆತಾಸ್ಕೋಪ್ ಇಟ್ಟಲ್ಲೆಲ್ಲ ಸುಂಯ್ ಎನ್ನುವ ಸದ್ದು ಕೇಳುತ್ತಿತ್ತು. ನಾನೂ ಉಬ್ಬಸವೆಂದೇ ನಂಬಿ ಔಷಧವನ್ನು ಮಂಜಿನಂತೆ ಉಸಿರಿಗೆ ಸೇರಿಸುವ ನೆಬ್ಯುಲೈಸೇಷನ್ ಎರಡು ಬಾರಿ ಕೊಡಿಸಿದೆ, ಉಸಿರು ಹಗುರಾಗಲಿಲ್ಲ. ಬಿ.ಪಿ.ಯನ್ನು ಕಣ್ಣಾರೆ ನೋಡಿದ್ದರೂ ಬೀಡಿಯ ಮಾತೇ ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಹಾಗೆ ಕಳೆದ ಇಪ್ಪತ್ತು ನಿಮಿಷಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಎಕ್ಸ್‌ರೇ ಕೋಣೆಗೆ ಒಯ್ಯುವ ಸ್ಥಿತಿ ಇರಲಿಲ್ಲವಾದ್ದರಿಂದ ಅಲ್ಟ್ರಾಸೌಂಡ್ ಯಂತ್ರವನ್ನೇ ಮಂಚದ ಬಳಿಗೆ ಎಳೆದುಕೊಂಡೆ. ಗಾಳಿ ತುಂಬಿದ ಶ್ವಾಸಕೋಶವನ್ನು ಶಬ್ದತರಂಗಗಳಿಂದ ನೋಡಲಾಗದು ಎಂದು ಬಹುಕಾಲ ನಂಬಲಾಗಿತ್ತು. ಆದರೆ ತರಂಗಗಳು ಪುಟಿದು ಪರದೆಯ ಮೇಲೆ ಮೂಡಿಸುವ, ನಿಜವಾದ ಅಂಗದ ಚಿತ್ರವಲ್ಲದ ಭ್ರಮಾರೇಖೆಗಳನ್ನೇ ಓದಿ ಉಸಿರಾಟದ ತೊಂದರೆಯ ಕಾರಣವನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸುವ 'ಬ್ಲೂ' ಕ್ರಮವನ್ನು ಫ್ರಾನ್ಸಿನ ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದರು. ಉಬ್ಬಸವಾದರೆ ಸಾಮಾನ್ಯವಾಗಿ ಎದೆಗವಚದ (ಶ್ವಾಸಕೋಶವನ್ನು ಸುತ್ತಿದ ತೆಳುಪೊರೆಯ) ಗೆರೆಯ ಕೆಳಗೆ, ಸಮ ಅಂತರದಲ್ಲಿ, ಅಡ್ಡಡ್ಡವಾದ ಎ-ಲೈನುಗಳು ಕಾಣಬೇಕು.

ಜೆಲ್ ಹಚ್ಚಿ ಬಲ ಎದೆಯ ಮೇಲ್ಭಾಗದಲ್ಲಿ ಯಂತ್ರದ ಪ್ರೋಬ್, ಅಂದರೆ ತರಂಗ ಕಳಿಸುವ ಹಿಡಿಕೆ, ಇಟ್ಟೆ. ಎದೆಗವಚ ಉಸಿರಿನೊಡನೆ ಜಾರುತ್ತಿತ್ತು. ಅಲ್ಲಿಗೆ, ಪ್ರೋಬಿನ ಕೆಳಗೆ ಶ್ವಾಸಕೋಶ ಕುಸಿದಿಲ್ಲವೆಂಬುದು ಖಚಿತವಾಯಿತು. ಆದರೆ ಅಡ್ಡಗೆರೆಗಳಿರಲಿಲ್ಲ. ಬದಲಿಗೆ ಬೆಳ್ಳಗೆ ಹೊಳೆಯುವ ನಾಲ್ಕೈದು ಗೆರೆಗಳು ಎದೆಗವಚದಿಂದ ಪರದೆಯ ತಳದವರೆಗೂ ನೇರವಾಗಿ ಇಳಿದು, ಪ್ರತಿ ಉಸಿರಿಗೂ ಅತ್ತಿತ್ತ ಸರಿಯುತ್ತಿದ್ದವು. ಒಂದೇ ಪಕ್ಕೆಲುಬಿನ ಸಂದಿಯಲ್ಲಿ ಇಂಥ ಬಿ-ಲೈನುಗಳು ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಸಹಜವಲ್ಲ. ಎಡಕ್ಕೂ ಅದೇ ನೋಟ. ನ್ಯುಮೋನಿಯಾದಲ್ಲಿಯೂ ಶ್ವಾಸಕೋಶ ಗಡುಸಾಗುವ ಕಾಯಿಲೆಯಲ್ಲಿಯೂ ಇವು ಕಾಣುವುದುಂಟು. ಆದರೆ ಆ ಬಿ.ಪಿ., ಜ್ವರವಿಲ್ಲದ ಮೈ, ಎರಡೂ ಕಡೆ ಒಂದೇ ಬಗೆಯ ಗೆರೆಗಳು, ಇವೆಲ್ಲ ಹೃದಯದತ್ತಲೇ ಬೊಟ್ಟು ಮಾಡುತ್ತಿದ್ದವು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು.

ನೆಬ್ಯುಲೈಸರ್ ತೆಗೆಸಿ, ಒತ್ತಡದಿಂದ ಗಾಳಿ ತುಂಬುವ ಬೈಪ್ಯಾಪ್ ಮಾಸ್ಕ್ ಹಾಕಿಸಿ, ರಕ್ತನಾಳಗಳನ್ನು ಸಡಿಲಿಸುವ ನೈಟ್ರೋಗ್ಲಿಸರಿನ್ ಡ್ರಿಪ್ ಶುರು ಮಾಡಿ, ಮೂತ್ರದ ಮೂಲಕ ನೀರು ಇಳಿಸುವ ಫ್ಯೂರೋಸಮೈಡ್ ಇಂಜೆಕ್ಷನ್ ಕೊಟ್ಟೆವು. ಗಂಟೆಯೊಳಗೆ ಅವರು ದಿಂಬಿಗೆ ಒರಗಿದರು.

ಬೆಳಗಿನ ಐದಕ್ಕೆ ಮತ್ತೆ ಪ್ರೋಬ್ ಇಟ್ಟಾಗ ಮೇಲ್ಭಾಗದಲ್ಲಿ ಒಂದೆರಡು ಗೆರೆಗಳಷ್ಟೇ ಉಳಿದಿದ್ದವು. ಮಗ ತಂದಿದ್ದ ಹಳೆಯ ಚೀಟಿಗಳಲ್ಲೆಲ್ಲ ಉಬ್ಬಸವೆಂದೇ ಬರೆದಿತ್ತು. ಹೃದಯದ ಎಕೋ ಪರೀಕ್ಷೆಗೆ ಹೊಸ ಚೀಟಿ ಬರೆದು ಅವನ ಕೈಗಿತ್ತು, ಅವನ ಅಪ್ಪನ ಎದೆಯ ಮೇಲೆ ಒಣಗುತ್ತಿದ್ದ ಜೆಲ್ ಒರೆಸಿದೆ.