ಮ್ಯಾಪ್ ಕೊಡೋ ಹುಡುಗ

ಶನಿವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಯಾರೂ ಅಲ್ಲ ಸರ್. ಮ್ಯಾಪ್ ಕೊಡೋನು."

ಹೇಳಿದವನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಅಮೆರಿಕದ ಮರೀನ್ ಪಡೆಯ ಯೂನಿಫಾರ್ಮು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಮುಂದೊಂದು ಮಡಚುವ ಟೇಬಲ್, ಅದರ ಮೇಲೆ ಗಾಳಿಗೆ ಹಾರದ ಹಾಗೆ ಕಲ್ಲು ಹೇರಿದ ಮ್ಯಾಪುಗಳ ಕಂತೆ. ಎದುರಿಗೆ ನಿಂತಿದ್ದವರು ಎಪ್ಪತ್ತರ ಆಸುಪಾಸಿನ ಗಡ್ಡದಜ್ಜ. ಅವರ ಬೆನ್ನ ಹಿಂದೆ ಚರ್ಮ ಸುಲಿದ ಪ್ರಾಣಿಯ ಹಾಗೆ ಬರೀ ಕಬ್ಬಿಣದ ಕೊಳವೆಗಳಲ್ಲೇ ನಿಂತಿದ್ದ ರಾಕ್ ಕ್ರಾಲರ್, ಅಂದರೆ ಬಂಡೆ ಹತ್ತುವ ಗಾಡಿ.

ನಡೆದದ್ದು ಇಷ್ಟೇ. ಹುಡುಗ ಮ್ಯಾಪ್ ಚಾಚಿ, "ಗೆರೆ ಎಳೆದಿರೋ ಭಾಗ ಮೂವತ್ತು ದಿನ ನಮಗೆ ಬಿಟ್ಟುಕೊಡಿ ಸರ್, ಆಮೇಲೆ ವಾಪಸ್ ನಿಮಗೇ" ಅಂದ. ಅಜ್ಜನಿಗೆ ಎಲ್ಲಿ ಉರಿಯಿತೋ. "ನನ್ನ ಜಾಗಾನ ನನಗೇ ವಾಪಸ್ ಕೊಡೋಕೆ ನೀನ್ಯಾರಯ್ಯ?" ಹುಡುಗ ಸೆಟೆಯಲಿಲ್ಲ, ನಗಲೂ ಇಲ್ಲ. "ಯಾರೂ ಅಲ್ಲ ಸರ್. ಮ್ಯಾಪ್ ಕೊಡೋನು." ಅಜ್ಜ ದುರುಗುಟ್ಟಿ ನೋಡಿ, ಮ್ಯಾಪ್ ಇಸ್ಕೊಂಡು, ಮಡಚಿ ಜೇಬಿಗಿಟ್ಟು, "ಹೋದ ಸಲದ್ದಕ್ಕಿಂತ ಪ್ರಿಂಟ್ ಚೆನ್ನಾಗಿದೆ" ಅಂತ ಹೇಳಿ ನಡೆದರು.

ನನ್ನ ಜೊತೆ ಬಂದಿದ್ದ ಗುಂಟೂರಿನ ಹುಡುಗನಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಅವನು ಟೈರಿನ ಗಾಳಿ ಇಳಿಸುವುದರಲ್ಲಿದ್ದ. ನಮ್ಮ ಟೀಮಿನವನು, ಒಳ್ಳೆಯವನೇ, ಆದರೆ ಆ ಜೀಪಿಗೆ ಹಾಕಿಸಿರುವ ಲೈಟುಗಳ ದುಡ್ಡಲ್ಲಿ ನಮ್ಮೂರಲ್ಲಿ ಒಂದು ಮನೆಯ ಪಾಯ ಏಳುತ್ತಿತ್ತು. ಅಷ್ಟೆಲ್ಲಾ ಹಾಕಿಸಿಕೊಂಡವನು ಕತ್ತಲಾಗುವ ಮುಂಚೆ ಹೆದ್ದಾರಿ ಸೇರಿಬಿಡೋಣ ಅಂತ ಮಧ್ಯಾಹ್ನದಿಂದಲೇ ಶುರು ಹಚ್ಚುತ್ತಾನೆ.

ಜಾಗ ಜಾನ್ಸನ್ ವ್ಯಾಲಿ. ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ, ಮೊಹಾವಿ ಮರುಭೂಮಿಯ ಒಳಗೆ. ಯಕ್ಕಾ ವ್ಯಾಲಿ ಬಿಟ್ಟು 247ನೇ ಹೆದ್ದಾರಿ ಹಿಡಿದರೆ ಎಡಬಲಕ್ಕೆ ಕಲ್ಲುಗುಡ್ಡ, ನಡುವೆ ಬಿಳಿಚಿಕೊಂಡ ಒಣ ಕೆರೆಯಂಗಳ. ಅಂಗಳದಲ್ಲಿ ಟ್ರೇಲರುಗಳ ಸಾಲು, ಗುಡ್ಡದ ಸಂದಿಗಳಲ್ಲಿ ಸ್ಲೆಜ್‌ಹ್ಯಾಮರ್, ಜಾಕ್‌ಹ್ಯಾಮರ್, ಕ್ಲಾಹ್ಯಾಮರ್ ಅಂತ ಹೆಸರಿಟ್ಟ ದಾರಿಗಳು. ದಾರಿ ಅಂದರೆ ಕಾರಿನಷ್ಟೆತ್ತರದ ಬಂಡೆಗಳ ರಾಶಿ. ಅದರ ಮೇಲೆ ಗಾಡಿ ಹತ್ತಿಸುವುದೇ ಆಟ. 2007ರಲ್ಲಿ ಒಂದಷ್ಟು ಗೆಳೆಯರು ಒಂದು ಕೇಸ್ ಬಿಯರಿಗೆ ಬಾಜಿ ಕಟ್ಟಿ ಶುರು ಮಾಡಿದ ರೇಸು ಈಗ 'ಕಿಂಗ್ ಆಫ್ ದಿ ಹ್ಯಾಮರ್ಸ್' ಆಗಿದೆ. ಪ್ರತಿವರ್ಷ ಚಳಿಗಾಲದಲ್ಲಿ ಆ ಒಣಕೆರೆಯ ಮೇಲೆ ಒಂದು ಊರೇ ಎದ್ದು, ರೇಸು ಮುಗಿದ ಮೇಲೆ ಗಂಟು ಕಟ್ಟಿಕೊಂಡು ಹೋಗುತ್ತದೆ.

ಪಕ್ಕಕ್ಕೇ ಟ್ವೆಂಟಿನೈನ್ ಪಾಮ್ಸ್ ಮರೀನ್ ನೆಲೆ, ಮರೀನ್‌ಗಳ ನೆಲೆಗಳಲ್ಲೆಲ್ಲ ದೊಡ್ಡದು. ಒಂದು ಇಡೀ ಬ್ರಿಗೇಡು ನಿಜವಾದ ಮದ್ದುಗುಂಡು ಹಾರಿಸುತ್ತಾ ದಿನಗಟ್ಟಲೆ ಮುಂದೆ ಸಾಗಬೇಕು, ಅಷ್ಟು ಬಯಲು ಇದ್ದಿದ್ದರಲ್ಲಿ ಸಿಗುತ್ತಿಲ್ಲ ಅಂತ ಅವರು ಪಕ್ಕದ ಕಣಿವೆ ಕೇಳಿದರು. ಗಾಡಿಯವರು ಎದ್ದು ಕೂತರು. ಆಗ ಅವರ ಕೈಯಲ್ಲಿ ಸುಮಾರು 1,88,000 ಎಕರೆ ಇತ್ತು. ಕ್ಲಬ್ಬುಗಳು, ರೇಸಿನವರು, ಸುತ್ತಲಿನ ಊರಿನ ಪೆಟ್ರೋಲ್ ಬಂಕಿನವರು ಎಲ್ಲಾ ಸೇರಿ ವರ್ಷಗಟ್ಟಲೆ ಗದ್ದಲ ಮಾಡಿದರು. ಇವರ ಪರವಾಗಿ ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ನಿಂತವರು ಪಾಲ್ ಕುಕ್, ಅವರೇ ನಿವೃತ್ತ ಮರೀನ್ ಕರ್ನಲ್! ಕೊನೆಗೆ 2013ರ ಡಿಸೆಂಬರಿನಲ್ಲಿ ರಕ್ಷಣಾ ಮಸೂದೆಯ ಹೊಟ್ಟೆಯೊಳಗೇ ಒಂದು ರಾಜಿ ಹುಟ್ಟಿತು. ಸುಮಾರು 79,000 ಎಕರೆ ಪೂರಾ ಸೇನೆಗೆ. ಸುಮಾರು 53,000 ಎಕರೆ ಇಬ್ಬರಿಗೂ: ವರ್ಷಕ್ಕೆ ಎರಡು ಸಲ, ಸಲಕ್ಕೆ 30 ದಿನ ಸೇನೆಯದು, ಉಳಿದ ದಿನಗಳೆಲ್ಲ ಜನರದು. ಆ ಹತ್ತು ತಿಂಗಳು ನೋಡಿಕೊಳ್ಳುವವರು ಬಿಎಲ್ಎಂ, ಅಂದರೆ ಸರ್ಕಾರಿ ಬಯಲುಭೂಮಿಯ ಇಲಾಖೆ. ಆ ನೆಲದೊಳಗೆ ಸೇನೆ ಗುರಿ ಇಟ್ಟು ಹೊಡೆಯುವ ಎರಡು ಪುಟ್ಟ ತುಂಡುಗಳು ಮಾತ್ರ ಜನರಿಗೆ ಯಾವತ್ತೂ ಬಂದ್. ಎರಡೂ ಕಡೆಯವರು ಒಟ್ಟಿಗೆ ಕೂರುವ ಒಂದು ಸಮಿತಿ ಇರಬೇಕು, ಅದು ಗಾಡಿಯವರ ಮಾತನ್ನೂ ಪರಿಸರದವರ ಮಾತನ್ನೂ ಕೇಳಬೇಕು ಅಂತ ಕಾನೂನಿನಲ್ಲೇ ಬರೆದಿದೆ. ಆ ಹುಡುಗ ಟೇಬಲ್ ಹಾಕಿಕೊಂಡು ಕೂತಿದ್ದು ಇದರ ದೆಸೆಯಿಂದ. ವಿನಯ ಅವನದೇ ಇರಬಹುದು, ಟೇಬಲ್ ಮಾತ್ರ ಗಡ್ಡದಜ್ಜಂದಿರು ಕಿತ್ತಾಡಿ ಹಾಕಿಸಿದ್ದು.

ಅಲ್ಲೇ ಪಕ್ಕದಲ್ಲಿ ಬಿಎಲ್ಎಂನ ರೇಂಜರ್ ಹೆಂಗಸೊಬ್ಬರು ನಿಂತಿದ್ದರು. ಮಾತು ಕಡಿಮೆ. ನಮ್ಮ ಜೀಪು ಹೊರಡಿಸುವಾಗ ಕೈ ಎತ್ತಿ ನಿಲ್ಲಿಸಿ, "ಮೊದಲು ಕೆಳಗೆ ನೋಡಿ" ಅಂದರು. ಗುಂಟೂರಿನವನು ಹೊಸ ಪ್ಯಾಂಟಿನಲ್ಲಿದ್ದ, ಹಾಗಾಗಿ ಮಂಡಿಯೂರಿದ್ದು ನಾನು. ಜಲ್ಲಿ ಚುಚ್ಚುತ್ತಿತ್ತು. ನೆರಳಲ್ಲಿ ಒಂದು ಹನಿ ಎಣ್ಣೆ, ಯಾರದೋ ಚಿಪ್ಸ್ ಪ್ಯಾಕೆಟ್ಟು, ಹಿಂದಿನ ಗಾಲಿಯ ಪಕ್ಕ ಒಂದು ಇರುವೆಗೂಡು. ಆಮೆ ಇರಲಿಲ್ಲ. ಮರುಭೂಮಿಯ ಆಮೆ ಬಿಸಿಲಿಗೆ ನೆರಳು ಹುಡುಕಿ ಗಾಡಿಯಡಿ ಬಂದು ಕೂರುತ್ತದಂತೆ. ಕಂಡರೂ ಎತ್ತಬಾರದು: ಗಾಬರಿಯಾದರೆ ಅದು ಮೂತ್ರಕೋಶದಲ್ಲಿ ತಿಂಗಳುಗಟ್ಟಲೆಗೆ ಕೂಡಿಟ್ಟ ನೀರನ್ನೆಲ್ಲ ಚೆಲ್ಲಿಬಿಡಬಹುದು, ಆಮೇಲೆ ಒಣಗಿ ಸಾಯಲೂಬಹುದು. 1990ರಿಂದ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಸೇನೆ ಜಾಗ ಹಿಗ್ಗಿಸಿಕೊಂಡಾಗ, 2017ರ ವಸಂತದಲ್ಲಿ, ಸಾವಿರಕ್ಕೂ ಹೆಚ್ಚು ಆಮೆಗಳನ್ನು ಹೆಲಿಕಾಪ್ಟರಿನಲ್ಲಿ ಬೇರೆಡೆಗೆ ಸಾಗಿಸಿದರು. ಪರಿಸರದವರು ವಿರೋಧಿಸಿದ್ದರು. ಗಾಡಿಯವರೂ ಸೇನೆಯವರೂ ವರ್ಷಗಟ್ಟಲೆ ಜಗ್ಗಾಡಿದ ನೆಲ ಅವರಿಬ್ಬರಿಗಿಂತ ಮೊದಲು ಯಾರದಾಗಿತ್ತು ಅನ್ನುವುದು ಜಲ್ಲಿಯ ಮೇಲೆ ಮಂಡಿಯೂರಿದಾಗ ಸ್ವಲ್ಪ ಬೇಗ ಹೊಳೆಯುತ್ತದೆ.

ಗಾಡಿಯವರನ್ನು ಪಾಪದವರು ಅಂತ ಮಾಡುವ ಆಸೆ ನನಗಿಲ್ಲ. 2010ರ ಆಗಸ್ಟಿನಲ್ಲಿ ಇದೇ ಕಣಿವೆಯ ಸಂಜೆ ರೇಸಿನಲ್ಲಿ ಒಂದು ಟ್ರಕ್ಕು ಉಬ್ಬು ಹಾರಿ ಜನರ ಮೇಲೆ ಬಿದ್ದು 8 ಜನ ಸತ್ತರು. ತಡೆಬೇಲಿ ಇರಲಿಲ್ಲ, ಜನ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದರು. ಹಾಗೆ ನಿಲ್ಲುವುದೇ ಮಜಾ ಅನ್ನುವವರು ಇವತ್ತಿಗೂ ಸಿಗುತ್ತಾರೆ. ಇನ್ನು ನೆಲದ ವಿಷಯ. ಇಂಥ ಗಾಡಿಗಳಿಗೆ ದಾರಿ ಗುರುತು ಮಾಡಿ, ಮಣ್ಣು, ಗಿಡ, ಪ್ರಾಣಿಗೆ ಹಾನಿ ಆದಷ್ಟು ಕಡಿಮೆಯಾಗುವಂತೆ ನೋಡಿಕೊಳ್ಳಿ ಅಂತ ಆಗಿನ ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಹೊರಡಿಸಿದ್ದರು, ಅದು ರಕ್ಷಣಾ ಇಲಾಖೆಯ ಜಮೀನಿಗೂ ಸೇರಿತ್ತು. ಯಾಕೆಂದರೆ ಈ ಮರುಭೂಮಿ ಏನನ್ನೂ ಮರೆಯುವುದಿಲ್ಲ. 1942ರಲ್ಲಿ ಜನರಲ್ ಪ್ಯಾಟನ್ ಆಫ್ರಿಕಾದ ಯುದ್ಧಕ್ಕೆ ಪಡೆ ತಯಾರು ಮಾಡಲು ಮೊಹಾವಿಯಲ್ಲಿ ಓಡಿಸಿದ ಟ್ಯಾಂಕುಗಳ ಗುರುತು ಕೆಲವೆಡೆ ಈಗಲೂ ಕಾಣುತ್ತವೆ. ಗುರುತು ಬಿಡುವುದರಲ್ಲಿ ಸೈನಿಕನಿಗೂ ಶೋಕಿಗಾರನಿಗೂ ವ್ಯತ್ಯಾಸವಿಲ್ಲ.

ಆದರೂ ಆ ಮಾತು. "ಬಿಟ್ಟುಕೊಡಿ ಸರ್." ಯೂನಿಫಾರ್ಮು ಹಾಕಿದವನೊಬ್ಬ ಎದುರಿಗಿರುವ ಮುದುಕನನ್ನು ಜಾಗ ಕೇಳುವ ದೃಶ್ಯ. ನಾಟಕ ಇರಬಹುದು, ಕಾನೂನು ಹೇಳಿಕೊಟ್ಟ ಮಾತಿರಬಹುದು. ಗೆರೆ ಹೇಗೂ ಎಳೆದಾಗಿತ್ತು, ಅಜ್ಜ ಒಲ್ಲೆ ಅಂದಿದ್ದರೂ ಟ್ಯಾಂಕು ಬರುತ್ತಿತ್ತು. ಎಲ್ಲಾ ಗೊತ್ತಿದ್ದೂ ವಾಪಸ್ ಬರುವ ದಾರಿಯುದ್ದಕ್ಕೂ ನನಗೆ ಅದೇ. ನಾನು ಚಳ್ಳಕೆರೆ ಕಡೆಯವನು.

ನಮ್ಮ ಕಡೆಯವರಿಗೆ ಹೆಚ್ಚು ಹೇಳಬೇಕಿಲ್ಲ. ದೊಡ್ಡ ಉಳ್ಳಾರ್ತಿ, ಕುದಾಪುರ, ವರವು ಕಾವಲು. ಕಣ್ಣು ಹಾಯುವಷ್ಟು ದೂರ ಹುಲ್ಲು, ಅದರ ನಡುವೆ ಕೃಷ್ಣಮೃಗ, ಕುರಿ ಹಿಂಡು, ಕಂಬಳಿ ಹೊದ್ದವರು. 2007ರಿಂದ ಈಚೆಗೆ ಕೆಲವೇ ವರ್ಷಗಳಲ್ಲಿ ಅದರಲ್ಲಿ 8,000 ಎಕರೆಗೂ ಹೆಚ್ಚು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ದೇಶಕ್ಕೆ ಬೇಕಾದ ಕೆಲಸವೇ, ನಾನೇನೂ ಬೇಡ ಅನ್ನುವವನಲ್ಲ. ಆದರೆ ಊರಿನವರಿಗೆ ಗೊತ್ತಾಗಿದ್ದು ಗೋಡೆ ಏಳತೊಡಗಿದ ಮೇಲೆ. ಹಸಿರು ನ್ಯಾಯಮಂಡಳಿ, ಧರಣಿ, ಬೆಂಗಳೂರಿನಿಂದ ಬಂದು ಹೋದವರು, ಎಲ್ಲಾ ಆಯಿತು. ನಮ್ಮ ಚಿಕ್ಕಪ್ಪ ಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿ ಒಂದು ದಿನ ಗೇಟಾಗಿತ್ತು. ಕಾವಲಿಗೆ ನಿಂತವನು ಬೇರೆ ರಾಜ್ಯದ ಹುಡುಗ, ಅವನಿಗೆ ಕನ್ನಡ ಬರುತ್ತಿರಲಿಲ್ಲ, ಚಿಕ್ಕಪ್ಪನಿಗೆ ಹಿಂದಿ ಬರುತ್ತಿರಲಿಲ್ಲ. ಅವನೂ ಇಪ್ಪತ್ತರವನೇ. ಅವನ ಕೈಗೆ ಯಾರೂ ಮ್ಯಾಪ್ ಕೊಟ್ಟಿರಲಿಲ್ಲ, ಒಂದು ಕೋಲು ಕೊಟ್ಟಿದ್ದರು.

ತಮಾಷೆ ಅಂದರೆ ನಮ್ಮ ಕಾವಲೂ ಒಂದು ಕಾಲಕ್ಕೆ ಸೇನೆಯ ಜಮೀನೇ. ಚಿಕ್ಕದೇವರಾಜ ಒಡೆಯರ ದನದ ಇಲಾಖೆ ಬೆಣ್ಣೆ ಚಾವಡಿ, ಟಿಪ್ಪು ಇಟ್ಟ ಹೆಸರಿನಲ್ಲಿ ಅಮೃತ ಮಹಲ್. ಫಿರಂಗಿ ಎಳೆಯುವ ಎತ್ತುಗಳು ಬೆಳೆದ ಮೀಸಲು ಹುಲ್ಲುಗಾವಲು. ಹೈದರಾಲಿಯ ದಂಡು ಚಿದಂಬರಕ್ಕೆ ನೂರು ಮೈಲಿಯನ್ನು ಎರಡೂವರೆ ದಿನದಲ್ಲಿ ಓಡಿದ್ದು ಈ ಎತ್ತುಗಳ ಕಾಲಲ್ಲಿ ಅಂತಾರೆ. ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಅಂತ ಕಾವಲುಗಳೇ ಬೇರೆ ಬೇರೆ. ಸರ್ಕಾರಿ ದನ ಈ ಕಾವಲು ಬಿಟ್ಟು ಮುಂದಿನ ಕಾವಲಿಗೆ ಹೋದ ಮೇಲೆ ಊರ ಕುರಿ ಒಳಗೆ ಬರುತ್ತಿದ್ದವು ಅಂತ ನಮ್ಮಜ್ಜ ಹೇಳುತ್ತಿದ್ದರು. ಅಮೆರಿಕದವರು ಕಾಂಗ್ರೆಸ್ಸಿನಲ್ಲಿ ಮಸೂದೆ ಮಾಡಿ ಕಂಡುಕೊಂಡ ಹಂಚಿಕೆಯನ್ನು ನಮ್ಮೂರಿನ ಎತ್ತುಗಳು ಕಾಗದವಿಲ್ಲದೆ ನಡೆಸಿದ್ದವು. ನಮಗೆ ಗೋಡೆ ಯಾವಾಗ ರೂಢಿಯಾಯಿತೋ.

ಭಾನುವಾರ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ, ಅಲ್ಲಿ ಬೆಳಗು. ಮೂವತ್ತು ದಿನದ ಕತೆ ಹೇಳಿದೆ. ನಾನು ಅಂದುಕೊಂಡಿದ್ದು ಅವರು ನಿಟ್ಟುಸಿರು ಬಿಡುತ್ತಾರೆ, ನಾನೂ ಜೊತೆಗೆ ಬಿಡಬಹುದು ಅಂತ.

"ಯಾವ ಮೂವತ್ತು ದಿನ?" ಅಂದರು.

"ಸೇನೆಯವರು ಮುಂಚೆ ಹೇಳ್ತಾರೆ, ಆ ಮೂವತ್ತು."

"ಅದಲ್ಲೋ. ಮಳೆಗೆ ಮುಂಚೇನೋ, ಆದಮೇಲೋ? ಹುಲ್ಲು ಏಳೋ ಹೊತ್ತಲ್ಲಿ ಮೂವತ್ತು ದಿನ ಬಂದ್ ಮಾಡಿ, ಒಣಗಿದ ಮೇಲೆ ಹತ್ತು ತಿಂಗಳು ಬಿಟ್ರೆ ಏನ್ ಬಂತು?"

ಅಲ್ಲಿ ಹುಲ್ಲಿಲ್ಲ, ಬಂಡೆ, ಅದರ ಮೇಲೆ ಗಾಡಿ ಹತ್ತಿಸ್ತಾರೆ ಅಂದೆ. ಬಂಡೆಗೆ ಯಾವ ತಿಂಗಳಾದರೇನು. ಆದರೆ ಆಮೆಗೆ ಹಾಗಲ್ಲ ಅಂತ ಆಮೇಲೆ ಹೊಳೆಯಿತು: ಅದು ಮೇಲೆ ಬರುವುದು ವಸಂತದ ಹಸಿರಿಗೆ, ಮತ್ತೆ ಬೇಸಿಗೆ ಕಳೆದ ಮೇಲೆ, ಉಳಿದಂತೆ ಬಿಲದಲ್ಲೇ. ಆ ಟೇಬಲ್ಲಿನ ಮುಂದೆ ನಾವು ನಿಂತಷ್ಟು ಹೊತ್ತು ಮ್ಯಾಪ್ ಇಸ್ಕೊಂಡವರೆಲ್ಲ ಎಷ್ಟು ದಿನ, ಎಲ್ಲೆಲ್ಲಿ ಬಂದ್, ಯಾವತ್ತು ತೆಗೀತೀರಿ ಅಂತ ಕೇಳಿದರು. ನಾನೂ ಅಷ್ಟೇ ಕೇಳಿದ್ದು.

ಚಿಕ್ಕಪ್ಪನ ಮಾತು ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ಬಂಡೆ ಮೇಲೆ ಗಾಡಿ ಯಾಕೆ ಹತ್ತಿಸ್ತಾರೆ, ಆ ಕಡೆ ಏನಿದೆ ಅಂದರು. ಏನಿಲ್ಲ, ಇಳಿದು ಮತ್ತೆ ಹತ್ತಿಸ್ತಾರೆ ಅಂದೆ. ಗುಂಟೂರಿನವನ ಜೀಪಿನ ರೇಟ್ ಕೇಳಿದರು. ಅರ್ಧ ಹೇಳಿದೆ. ಅದಕ್ಕೇ ಐದು ನಿಮಿಷ ಬೈದರು.