ಮೂತಿ ತೆರೆದು ಕಾರು ನುಂಗುತ್ತಿದ್ದ ವಿಮಾನ

14 ಜುಲೈ 2024, ಭಾನುವಾರ

ಹಳೇ ವಿಮಾನಗಳ ಹುಚ್ಚಿರುವ ಗೆಳೆಯರ ಜೊತೆ ಇವತ್ತು ಇಂಗ್ಲೆಂಡಿನ ಲಿಡ್ ವಿಮಾನ ನಿಲ್ದಾಣದ ಕಡೆ ಹೋಗಿದ್ದೆ. ನನ್ನನ್ನು ಬಿಟ್ಟರೆ ಎಲ್ಲರೂ ಎಪ್ಪತ್ತು ದಾಟಿದವರು. ಅವರ ಬಾಯಲ್ಲಿ ಇದು ಇವತ್ತಿಗೂ ಫೆರಿಫೀಲ್ಡ್. ಸಿಲ್ವರ್ ಸಿಟಿ ಏರ್‌ವೇಸ್ ಕಂಪನಿ ಜನರನ್ನೂ ಅವರ ಕಾರನ್ನೂ ಒಟ್ಟಿಗೆ ಫ್ರಾನ್ಸಿಗೆ ಹಾರಿಸಲೆಂದೇ ಕಟ್ಟಿಸಿದ ನಿಲ್ದಾಣ. ಶುರುವಾದದ್ದು 1954ರಲ್ಲಿ.

ಕಾರನ್ನು ಯಾಕೆ ವಿಮಾನದಲ್ಲಿ ಒಯ್ಯಬೇಕು ಅಂತೀರಾ? ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ಕಾರನ್ನು ಕ್ರೇನಿನಿಂದ ಎತ್ತಿ ಹಡಗಿಗೆ ಇಳಿಸುತ್ತಿದ್ದರು. ಸಾಲ ಮಾಡಿ ತಂದ ಕಾರು ಗಾಳಿಯಲ್ಲಿ ತೂಗಾಡುವಾಗ ಯಾರ ಜೀವ ತಾನೇ ಜಾಗದಲ್ಲಿರುತ್ತೆ? ಕಂಪನಿಯ ಮುಖ್ಯಸ್ಥ ಗ್ರಿಫಿತ್ ಪಾವೆಲ್ ಜುಲೈ 1948ರಲ್ಲಿ ಲಿಮ್ ಎಂಬಲ್ಲಿಂದ ಫ್ರಾನ್ಸಿನ ಲೆ ತೂಕೆಗೆ ಸೇವೆ ಶುರು ಮಾಡಿದರು. ಮೊದಲು ಹೋದದ್ದು ಅವರದೇ ಆರ್ಮ್‌ಸ್ಟ್ರಾಂಗ್ ಸಿಡ್ಲಿ ಕಾರು. ಅದಕ್ಕೂ ಹಿಂದಿನ ವರ್ಷ, ದೇಶ ವಿಭಜನೆಯ ಹೊತ್ತಲ್ಲಿ, ಇದೇ ಕಂಪನಿ ಭಾರತ–ಪಾಕಿಸ್ತಾನದ ನಡುವೆ ನಿರಾಶ್ರಿತರನ್ನು ಸಾಗಿಸಿತ್ತು. ಇದನ್ನು ಹೇಳಿದಾಗ ನನ್ನ ಜೊತೆಗಾರರೇ ಹುಬ್ಬೇರಿಸಿದರು.

ಇನ್ನು ಈ ಕಾರುಗಳನ್ನು ಹೊತ್ತೊಯ್ಯುತ್ತಿದ್ದ ವಿಮಾನ, ಬ್ರಿಸ್ಟಲ್ ಫ್ರೈಟರ್. ಚೆಂದ ಅನ್ನೋಕೆ ಬಾಯೇ ಬರಲ್ಲ. ದಪ್ಪ ಮೂತಿ, ಮಡಚದ ಚಕ್ರ. ಆ ಮೂತಿ ಬೀರುವಿನ ಹಾಗೆ ಎರಡು ಬಾಗಿಲಾಗಿ ತೆರೆದುಕೊಳ್ಳುತ್ತದೆ. ಪೈಲಟ್‌ಗಳು ಕೂರುವುದು ಅದರ ಮೇಲಿನ ಅಟ್ಟದಲ್ಲಿ. ಕಾರು ನಿಲ್ಲುವ ಜಾಗದಿಂದಲೇ ಏಣಿ ಹತ್ತಬೇಕು. ಕೆಲಸದವನೇ ಕಾರನ್ನು ರ‍್ಯಾಂಪ್ ಹತ್ತಿಸಿ ಒಳಗೆ ನಿಲ್ಲಿಸಿ, ಅಲ್ಲಾಡದಂತೆ ಬಿಗಿಯುತ್ತಿದ್ದ. ಮಾಲೀಕ ಕೀಲಿ ಕೊಟ್ಟು ಹಿಂದಿನ ಕ್ಯಾಬಿನ್‌ನಲ್ಲಿ ಕೂತರೆ ಸುಮಾರು 20 ನಿಮಿಷಕ್ಕೆ ಫ್ರಾನ್ಸ್. ಅಷ್ಟೇ ಅಷ್ಟು ದೂರಕ್ಕೆ ಚಕ್ರ ಮಡಚುವ ಯಂತ್ರ ಹೊತ್ತು ತಿರುಗುವುದು ಸುಮ್ನೆ ದಂಡ. ಮೊದಲು ಎರಡು ಕಾರು ಹಿಡಿಸುತ್ತಿತ್ತು. 1953ರಲ್ಲಿ ಮೂತಿ ಉದ್ದ ಮಾಡಿದ ಸೂಪರ್‌ಫ್ರೈಟರ್ ಬಂದ ಮೇಲೆ ಮೂರು.

ಊಟದ ಹೊತ್ತಿಗೆ ಜಗಳ, ಆಮೇಲೆ ಬಂದ ಇನ್ನೊಂದು ಕಾರು ಒಯ್ಯುವ ವಿಮಾನ ಕಾರ್ವೇರ್ ಕಡೆ ತಿರುಗಿತು. ಬ್ರಿಟನ್ನಿನ ವಿಮಾನ ಉದ್ಯಮಿ ಫ್ರೆಡ್ಡಿ ಲೇಕರ್ ಅವರ ಏವಿಯೇಷನ್ ಟ್ರೇಡರ್ಸ್ ಕಂಪನಿ, ಹಳೇ ಡಿಸಿ-4 ವಿಮಾನದ ಮೂತಿ ಕತ್ತರಿಸಿ, ಪೈಲಟ್‌ಗಳನ್ನು ಮೇಲಿನ ಗೂನಿಗೆ ಹತ್ತಿಸಿ, ಐದು ಕಾರಿಗೆ ಜಾಗ ಮಾಡಿತು. ಮೊದಲ ಹಾರಾಟ 21 ಜೂನ್ 1961. ಒಟ್ಟು 21 ವಿಮಾನ ತಯಾರಾದವು. ಬೋಯಿಂಗ್ 747ರ ಗೂನಿಗೂ ಮೂತಿಯಿಂದ ಸರಕು ತುಂಬುವ ಲೆಕ್ಕಾಚಾರವೇ ಕಾರಣ. ಹಾಗಾಗಿ ಕಾರ್ವೇರ್ ಪಕ್ಷದವರ ಎದೆ ಉಬ್ಬಿತ್ತು. ನಾನು ಒಪ್ಪಲಿಲ್ಲ. 1953ರಲ್ಲೇ ಡೋವರ್‌ನಲ್ಲಿ ಕಾರುಗಳು ನೇರ ಹಡಗಿನೊಳಗೆ ಓಡುವ ವ್ಯವಸ್ಥೆ ಬಂದಿತ್ತು. ಒಂದೊಂದು ಹಡಗಿಗೆ ನೂರಕ್ಕೂ ಜಾಸ್ತಿ ಕಾರು! ಐದು ಕಾರಿನ ವಿಮಾನ ಅದರ ಮುಂದೆ ಎಷ್ಟು ದಿನ ನಿಂತೀತು? 1968ಕ್ಕೆ ಗಾಳಿಯ ಮೆತ್ತೆಯ ಮೇಲೆ ನೀರಿನ ಮೇಲೆ ತೇಲಿ ಓಡುವ, ಕಾರು ಒಯ್ಯುವ ಹೋವರ್‌ಕ್ರಾಫ್ಟ್ ಕೂಡ ಬಂತು. ಫ್ರೈಟರ್ ಸರಿಯಾದ ಹೊತ್ತಿಗೆ ಬಂದ ವಿಮಾನ, ಕಾರ್ವೇರ್ ತಡವಾಗಿ ಬಂದ ಜಾಣ. ನನ್ನ ಓಟು ಫ್ರೈಟರ್‌ಗೇ.

ಮುಂದಿನ ಸಲ ಲೇಕರ್ ಅವರ ಅಡ್ಡಾ ಸೌತೆಂಡ್‌ಗೆ ಬಾ, ಅಲ್ಲಿ ನೋಡಿಕೊಳ್ಳುತ್ತೇವೆ ಅಂದಿದ್ದಾರೆ.